ಯಾರ ಕಡೆಯವರೆಂದು ಗೊತ್ತಿಲ್ಲದ ಮೊಕದ್ದಮೆಗಳು

ಬಾಹ್ಯಾಕಾಶ ನೌಕೆಯೊಂದರಲ್ಲಿ ನಡೆಯುವ ಧಾರಾವಾಹಿಯ ಅತ್ಯುತ್ತಮ ಕಂತುಗಳಲ್ಲಿ ಬಾಹ್ಯಾಕಾಶ ಕಾಣುವುದೇ ಅಪರೂಪ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ 1987ರಿಂದ 1994ರವರೆಗೆ ಅಮೆರಿಕದ ಟಿ.ವಿ.ಯಲ್ಲಿ ಏಳು ಸೀಸನ್‌ಗಳಲ್ಲಿ 178 ಕಂತು ಪ್ರಸಾರವಾಯಿತು. ಅದರಲ್ಲಿ ಅಪರಿಚಿತ ಗ್ರಹಗಳಿವೆ, ಯುದ್ಧಗಳಿವೆ, ಕಾಲದಲ್ಲಿ ಹಿಂದೆ ಮುಂದೆ ಸಾಗುವ ಪಯಣಗಳಿವೆ. ಆದರೆ ನಾನು ಮತ್ತೆ ಮತ್ತೆ ನೋಡುವ, ಕಿರಿಯ ವಕೀಲರಿಗೆ ತಪ್ಪದೆ ನೋಡಿ ಎಂದು ಹೇಳುವ ಮೂರು ಕತೆಗಳ ಜೀವ ಇರುವುದು ಒಂದು ಕೋಣೆಯೊಳಗೆ. ಮೇಜಿನ ಆಚೆ ಪ್ರಶ್ನೆ ಕೇಳುವವರು, ಈಚೆ ಉತ್ತರ ಕೊಡಬೇಕಾದವನು.

ನಾನು ಧಾರವಾಡದಲ್ಲಿ ವಕೀಲಿ ಮಾಡುವವಳು. ಕಾರ್ಮಿಕರ ಪ್ರಕರಣ, ಶಿಸ್ತು ವಿಚಾರಣೆ, ಕಾನೂನು ಸೇವಾ ಪ್ರಾಧಿಕಾರದಿಂದ ಬರುವ ಕ್ರಿಮಿನಲ್ ಕೇಸುಗಳು ನನ್ನ ದಿನನಿತ್ಯದ ಕೆಲಸ. ಈ ಕೆಲಸದಲ್ಲಿ ಅತಿ ಕಷ್ಟದ್ದು ಯಾವುದು ಎಂದು ಕೇಳಿದರೆ ನಾನು ಪಾಟೀಸವಾಲು ಎನ್ನುವುದಿಲ್ಲ. ಕಕ್ಷಿದಾರನ ಹೆಸರು ಕೇಳಿದ ಕೂಡಲೇ ಸುತ್ತಲಿನವರ ಮನಸ್ಸಿನಲ್ಲಿ ತಯಾರಾಗುವ ತೀರ್ಪನ್ನು ಎದುರಿಸುವುದೇ ಅತಿ ಕಷ್ಟ. ಯಾವುದೇ ಪ್ರಕರಣ ಸುದ್ದಿಯಾದ ಗಳಿಗೆಯಲ್ಲಿ ನಾವು ಮೊದಲು ಹುಡುಕುವುದು ಹೆಸರು, ಊರು, ಜಾತಿ, ಪಕ್ಷ. ಆರೋಪಿ ಯಾರ ಪೈಕಿ ಎಂದು ತಿಳಿದರೆ ಸಾಕು, ಸಾಕ್ಷ್ಯಕ್ಕೆ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಈ ಧಾರಾವಾಹಿಯ ಲೋಕದಲ್ಲಿ ನಮಗೆ ಆ ದಾರಿ ಮುಚ್ಚಿದೆ. ರೋಮ್ಯುಲನ್ನರು, ಕ್ಲಿಂಗನ್ನರು, ಕಾರ್ಡೇಸಿಯನ್ನರು, ಇವರಲ್ಲಿ ಯಾರೂ ನಮ್ಮ ಓಣಿಯವರಲ್ಲ, ಯಾರೂ ನಮ್ಮ ಹಗೆಗಳಲ್ಲ. ಯಾರ ಪರವೂ ಅಲ್ಲದ ಮನಸ್ಸು ಪ್ರಕರಣವನ್ನೇ ನೋಡುತ್ತದೆ, ತನಗೆ ಸರಿ ಕಂಡ ತೀರ್ಪು ಕೊಡುತ್ತದೆ. ಇದು ನಮ್ಮದೇ ಓಣಿಯ ಕತೆ ಎಂದು ಹೊಳೆಯುವುದು ಆಮೇಲೆ. ಅಷ್ಟರಲ್ಲಿ ತೀರ್ಪು ಕೊಟ್ಟಾಗಿರುತ್ತದೆ. ವೈಜ್ಞಾನಿಕ ಕತೆ ಮಾಡಬಲ್ಲ ಬಹು ದೊಡ್ಡ ಕೆಲಸ ಇದು ಎಂದು ನಾನು ನಂಬಿದ್ದೇನೆ. ನಮ್ಮ ಕಾನೂನು ಕಾಲೇಜುಗಳು, ಪೊಲೀಸ್ ತರಬೇತಿ ಶಾಲೆಗಳು, ಕನ್ನಡದ ಟಿ.ವಿ. ಬರಹಗಾರರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎನ್ನುವುದಕ್ಕಾಗಿಯೇ ಈ ಲೇಖನ.

ಈ ಸರಣಿಯ ಅಭಿಮಾನಿಗಳನ್ನು ಅತ್ಯುತ್ತಮ ಕಂತು ಯಾವುದು ಎಂದು ಕೇಳಿದರೆ ಬಹಳ ಮಂದಿ 1992ರ ‘ದ ಇನ್ನರ್ ಲೈಟ್’ ಎನ್ನುತ್ತಾರೆ. ನೌಕೆಯ ಕ್ಯಾಪ್ಟನ್ ಪಿಕಾರ್ಡ್ ಇಪ್ಪತ್ತೈದು ನಿಮಿಷ ಪ್ರಜ್ಞೆ ತಪ್ಪಿ ಬಿದ್ದಿರುವಾಗ, ಸಾವಿರ ವರ್ಷದ ಹಿಂದೆ ಅಳಿದುಹೋದ ಊರೊಂದರಲ್ಲಿ ಇಡೀ ಬಾಳು ಬಾಳುತ್ತಾನೆ. ಮದುವೆಯಾಗುತ್ತಾನೆ, ಮಕ್ಕಳನ್ನು ಬೆಳೆಸುತ್ತಾನೆ, ಕೊಳಲು ಕಲಿಯುತ್ತಾನೆ, ಮುದುಕನಾಗುತ್ತಾನೆ. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ಅದು ಯೋಗ್ಯ ಗೌರವ, ನಾನೂ ಆ ಕಂತು ನೋಡಿ ಅತ್ತವಳು. ಆದರೆ ಅದು ಒಬ್ಬ ಮನುಷ್ಯನ ಒಳಗಿನ ಕತೆ. ನಾಲ್ಕು ಜನ ಕೂಡಿ ಒಬ್ಬನ ಬಗ್ಗೆ ತೀರ್ಮಾನ ಮಾಡಬೇಕಾದಾಗ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ ಕಂತುಗಳು ಬೇರೆಯೇ ಇವೆ.

ಮೊದಲನೆಯದು ‘ದ ಮೆಷರ್ ಆಫ್ ಎ ಮ್ಯಾನ್’. 1989ರ ಫೆಬ್ರುವರಿಯಲ್ಲಿ ಪ್ರಸಾರವಾದ ಇದನ್ನು ಬರೆದವರು ಮೆಲಿಂಡಾ ಸ್ನಾಡ್‌ಗ್ರಾಸ್. ಬರವಣಿಗೆಗೆ ಬರುವ ಮೊದಲು ಅವರು ವಕೀಲರಾಗಿದ್ದವರು. ಆ ಅನುಭವ ಕತೆಯ ಪ್ರತಿ ತಿರುವಿನಲ್ಲೂ ಕಾಣುತ್ತದೆ. ನೌಕೆಯ ಅಧಿಕಾರಿಗಳಲ್ಲಿ ಒಬ್ಬನಾದ ಡೇಟಾ ಮನುಷ್ಯನ ರೂಪದ ಯಂತ್ರ. ಅವನನ್ನು ಬಿಚ್ಚಿ ಅಧ್ಯಯನ ಮಾಡಿ, ಅವನಂಥ ಸಾವಿರಾರು ಯಂತ್ರಗಳನ್ನು ತಯಾರಿಸಬೇಕು ಎಂದು ಮ್ಯಾಡಾಕ್ಸ್ ಎಂಬ ವಿಜ್ಞಾನಿ ಬರುತ್ತಾನೆ. ಪ್ರಯೋಗ ಯಶಸ್ವಿಯಾಗುವ ಖಾತ್ರಿ ಇಲ್ಲವೆಂದು ಕಂಡು ಡೇಟಾ ಒಪ್ಪುವುದಿಲ್ಲ. ಬಿಚ್ಚಿಸಿಕೊಳ್ಳಲೇಬೇಕು ಎಂಬ ಆದೇಶ ಬಂದಾಗ ಕೆಲಸಕ್ಕೆ ರಾಜೀನಾಮೆ ಕೊಡುತ್ತಾನೆ. ಆಗ ಹುಟ್ಟುವ ಪ್ರಶ್ನೆ: ಇಲಾಖೆಯ ಕಂಪ್ಯೂಟರ್ ರಾಜೀನಾಮೆ ಕೊಡಬಹುದೇ? ಮಿಲಿಟರಿ ನ್ಯಾಯಾಧಿಕಾರಿ ಫಿಲಿಪಾ ಲೂವ್ವಾ ಮೊದಲ ಸುತ್ತಿನಲ್ಲಿ ಕೊಡುವ ಉತ್ತರ ಸ್ಪಷ್ಟ. ಡೇಟಾ ಇಲಾಖೆಯ ಆಸ್ತಿ, ಆಸ್ತಿಗೆ ರಾಜೀನಾಮೆಯ ಹಕ್ಕಿಲ್ಲ.

ಪಿಕಾರ್ಡ್ ಇದನ್ನು ಪ್ರಶ್ನಿಸಿದಾಗ ವಿಚಾರಣೆ ನಡೆಸಬೇಕಾಗುತ್ತದೆ. ಆ ಕಚೇರಿ ಹೊಸದು, ವಕೀಲರಿಲ್ಲ. ಹಾಗಾಗಿ ಡೇಟಾನ ಪರ ಪಿಕಾರ್ಡ್ ವಾದಿಸಬೇಕು, ಎದುರು ನೌಕೆಯಲ್ಲಿ ಪಿಕಾರ್ಡ್‌ನ ನಂತರದ ಸ್ಥಾನದ ಅಧಿಕಾರಿ ರೈಕರ್ ವಾದಿಸಬೇಕು. ರೈಕರ್ ಡೇಟಾನ ಗೆಳೆಯ. ಅವನು ಒಲ್ಲೆ ಎನ್ನುತ್ತಾನೆ. ಲೂವ್ವಾ ಹೇಳುವುದು ಇಷ್ಟು: ನೀನು ವಾದಿಸದಿದ್ದರೆ, ಅಥವಾ ಮನಸ್ಸಿಟ್ಟು ವಾದಿಸದಿದ್ದರೆ, ಮೊದಲ ತೀರ್ಪೇ ಖಾಯಂ.

ಇಲ್ಲಿ ಒಂದು ಚಿಕ್ಕ ದೃಶ್ಯವಿದೆ, ಸಂಭಾಷಣೆಯಿಲ್ಲದ್ದು. ರಾತ್ರಿ ರೈಕರ್ ಕಂಪ್ಯೂಟರ್ ಮುಂದೆ ಕೂತು ಡೇಟಾನ ತಾಂತ್ರಿಕ ವಿವರಗಳನ್ನು ಓದುತ್ತಿದ್ದಾನೆ. ಒಂದು ಕಡೆ ಅವನ ಕಣ್ಣು ನಿಲ್ಲುತ್ತದೆ. ಕೇಸು ಗೆಲ್ಲುವ ಅಂಶ ಸಿಕ್ಕಿತು ಎಂಬ ನಗು ತುಟಿಯಲ್ಲಿ ಮೂಡುತ್ತದೆ. ಮರುಗಳಿಗೆಯಲ್ಲೇ ತಾನು ಗೆದ್ದರೆ ಏನಾಗುತ್ತದೆ ಎಂದು ನೆನಪಾಗಿ ಮುಖ ಕಪ್ಪಿಡುತ್ತದೆ. ಎದುರು ಪಕ್ಷದ ಫೈಲಿನಲ್ಲಿ ಒಂದು ದೋಷ ಸಿಕ್ಕಾಗ ವಕೀಲರ ಮೈಯಲ್ಲಿ ಓಡುವ ಆ ಸಂಚಲನವನ್ನೂ, ಅದರ ಬೆನ್ನಿಗೇ ಬರುವ ಅಳುಕನ್ನೂ ಇಷ್ಟು ನಿಖರವಾಗಿ ತೋರಿಸಿದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮರುದಿನ ವಿಚಾರಣೆಯಲ್ಲಿ ಅವನು ಡೇಟಾನ ಕೈಯನ್ನು ಕಳಚಿ ಮೇಜಿನ ಮೇಲಿಡುತ್ತಾನೆ. ಆಮೇಲೆ ಬೆನ್ನ ಹಿಂದಿನ ಗುಂಡಿ ಒತ್ತುತ್ತಾನೆ. ಡೇಟಾ ಮೇಜಿನ ಮೇಲೆ ಮುಗ್ಗರಿಸಿ ಬೀಳುತ್ತಾನೆ. ರೈಕರ್ ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋಗಿ ಕೂಡುತ್ತಾನೆ.

ಪಿಕಾರ್ಡ್ ಸೋತೆನೆಂದೇ ಭಾವಿಸುತ್ತಾನೆ. ಅವನಿಗೆ ದಾರಿ ಕಾಣಿಸುವವಳು ನೌಕೆಯ ಉಪಾಹಾರ ಮಂದಿರ ನೋಡಿಕೊಳ್ಳುವ ಗೈನನ್. ಆ ಪಾತ್ರದಲ್ಲಿ ವೂಪಿ ಗೋಲ್ಡ್‌ಬರ್ಗ್. ಯಾರೂ ಮಾಡಲೊಲ್ಲದ ಕೆಲಸ ಮಾಡಲು ಬಳಸಿ ಬಿಸಾಡಬಹುದಾದ ಜೀವಿಗಳನ್ನು ಲೋಕ ಯಾವತ್ತೂ ಇಟ್ಟುಕೊಂಡಿತ್ತು ಎಂದು ಆಕೆ ಮೆಲ್ಲಗೆ ಹೇಳುತ್ತಾಳೆ. ಕಪ್ಪು ಅಮೆರಿಕನ್ ನಟಿಯ ಬಾಯಲ್ಲಿ ಆ ಮಾತು ಬರುವಾಗ 1857ರ ಡ್ರೆಡ್ ಸ್ಕಾಟ್ ತೀರ್ಪು ನೆನಪಾಗದೆ ಇರದು. ಗುಲಾಮನೊಬ್ಬ ಬಿಡುಗಡೆ ಕೇಳಿ ಹೋದಾಗ, ಅವನು ಪ್ರಜೆಯೇ ಅಲ್ಲ, ದಾವೆ ಹೂಡುವ ಹಕ್ಕೇ ಅವನಿಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಅಂದು ಹೇಳಿತ್ತು. ಒಬ್ಬ ಡೇಟಾ ಕೌತುಕದ ವಸ್ತು ಇರಬಹುದು, ಸಾವಿರ ಡೇಟಾಗಳೆಂದರೆ ಒಂದು ಜನಾಂಗ, ಆ ಜನಾಂಗವನ್ನು ನಾವು ಹೇಗೆ ನಡೆಸಿಕೊಂಡೆವು ಎನ್ನುವುದರಿಂದಲೇ ಮುಂದಿನವರು ನಮ್ಮನ್ನು ಅಳೆಯುತ್ತಾರೆ ಎಂಬುದು ಪಿಕಾರ್ಡ್‌ನ ವಾದದ ಸಾರ. ಲೂವ್ವಾ ತೀರ್ಪು ಬದಲಿಸುತ್ತಾಳೆ. ಡೇಟಾಗೆ ಆತ್ಮ ಇದೆಯೋ ಇಲ್ಲವೋ ಆಕೆಗೆ ಗೊತ್ತಿಲ್ಲ, ತನಗೆ ಇದೆಯೋ ಎನ್ನುವುದೂ ಗೊತ್ತಿಲ್ಲ. ಆದರೆ ಅವನು ಯಾರ ಆಸ್ತಿಯೂ ಅಲ್ಲ, ತನ್ನ ದಾರಿ ಆರಿಸಿಕೊಳ್ಳುವ ಹಕ್ಕು ಅವನದು.

ಭಾರತದ ವಕೀಲರಿಗೆ ಈ ಕಂತು ಅಮೆರಿಕನ್ನರಿಗಿಂತ ಇನ್ನೂ ಒಂದು ಕಾರಣಕ್ಕೆ ಹತ್ತಿರ. ಮಾಂಸ ರಕ್ತ ಇಲ್ಲದ್ದನ್ನು ವ್ಯಕ್ತಿ ಎಂದು ಒಪ್ಪುವುದು ನಮ್ಮ ಕಾನೂನಿಗೆ ಹೊಸತಲ್ಲ. ಕಲ್ಕತ್ತದ ಮಲ್ಲಿಕ್ ಕುಟುಂಬದಲ್ಲಿ ಮನೆದೇವರ ಪೂಜೆ ಸರದಿಯಂತೆ ನಡೆಯುತ್ತಿತ್ತು. ತನ್ನ ಸರದಿ ಬಂದಾಗ ಮೂರ್ತಿಯನ್ನು ತನ್ನ ಮನೆಗೆ ಒಯ್ಯುತ್ತೇನೆ ಎಂದು ಒಬ್ಬರು ಹಟ ಹಿಡಿದರು. ಆ ವ್ಯಾಜ್ಯ 1925ರಲ್ಲಿ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಮೂರ್ತಿ ಬೇಕಾದಲ್ಲಿಗೆ ಹೊತ್ತೊಯ್ಯುವ ಚರಾಸ್ತಿಯಲ್ಲ, ಅದು ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿ, ಎಲ್ಲಿರಬೇಕು ಎನ್ನುವುದರಲ್ಲಿ ಅದರ ಇಚ್ಛೆಗೂ ಬೆಲೆಯಿದೆ, ಆ ಇಚ್ಛೆಯನ್ನು ಮುಂದಿಡಲು ಸ್ವಾರ್ಥವಿಲ್ಲದ ಒಬ್ಬರನ್ನು ನೇಮಿಸಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಡೇಟಾನ ಮೊಕದ್ದಮೆಗೆ ನೂರು ವರ್ಷದ ಹಿಂದೆ ನಮ್ಮಲ್ಲೇ ಒಂದು ನಜೀರು ಸಿದ್ಧವಾಗಿತ್ತು. ಅದೇ ನೆಲದಲ್ಲಿ ಜೀವಂತ ಮನುಷ್ಯರನ್ನು ಸಾಲಕ್ಕೆ ಅಡವಿಟ್ಟುಕೊಂಡು ದುಡಿಸುವ ಜೀತ ಪದ್ಧತಿಯನ್ನು ರದ್ದು ಮಾಡುವ ಕೇಂದ್ರ ಕಾನೂನು ಬರಲು 1976 ಆಗಬೇಕಾಯಿತು. ಮೂರ್ತಿಗೆ ಸಿಕ್ಕ ವ್ಯಕ್ತಿತ್ವ ಜೀತದಾಳಿಗೆ ಸಿಗಲು ಅಷ್ಟು ವರ್ಷ ಹಿಡಿಯಿತು. ಯಾರು ವ್ಯಕ್ತಿ ಎನ್ನುವುದನ್ನು ಸಮಾಜ ತನ್ನ ಅನುಕೂಲ ನೋಡಿ ತೀರ್ಮಾನಿಸುತ್ತದೆ ಎಂಬ ಗೈನನ್‌ಳ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡನೆಯದು 1991ರ ಏಪ್ರಿಲ್‌ನ ‘ದ ಡ್ರಮ್‌ಹೆಡ್’. ಬರೆದವರು ಜೆರಿ ಟೇಲರ್, ನಿರ್ದೇಶಿಸಿದವರು ರೈಕರ್ ಪಾತ್ರಧಾರಿ ಜೊನಾಥನ್ ಫ್ರೇಕ್ಸ್. ಯುದ್ಧಭೂಮಿಯಲ್ಲಿ ನಗಾರಿಯನ್ನೇ ಮೇಜು ಮಾಡಿಕೊಂಡು ಅಲ್ಲಿಯೇ ಶಿಕ್ಷೆ ವಿಧಿಸುತ್ತಿದ್ದ ಹಳೆಯ ಮಿಲಿಟರಿ ವಿಚಾರಣೆಗಳಿಂದ ಅದರ ಹೆಸರು ಬಂದಿದೆ. ನೌಕೆಯ ಎಂಜಿನ್‌ನಲ್ಲಿ ಸ್ಫೋಟವಾಗುತ್ತದೆ. ಅದೇ ಹೊತ್ತಿಗೆ ಒಬ್ಬ ಗೂಢಚಾರ ಸಿಕ್ಕಿಬೀಳುತ್ತಾನೆ. ತನಿಖೆಗೆ ಬರುವವಳು ನಿವೃತ್ತ ಅಡ್ಮಿರಲ್ ನೋರಾ ಸಾಟಿ. ಹಿರಿಯ ನಟಿ ಜೀನ್ ಸಿಮನ್ಸ್ ಮಾಡಿದ ಪಾತ್ರ. ಆಕೆ ಮೊದಲಿಗೆ ಸೌಮ್ಯೆ, ಬುದ್ಧಿವಂತೆ, ಎಲ್ಲರಿಗೂ ಬೇಕಾದವಳು. ಅದೇ ಈ ಕಂತಿನ ಶಕ್ತಿ. ಅನ್ಯಾಯ ಬರುವಾಗ ಕೊಂಬು ಕೋರೆಹಲ್ಲು ಇಟ್ಟುಕೊಂಡು ಬರುವುದಿಲ್ಲ ಎನ್ನುವುದು ಅವಳನ್ನು ನೋಡಿದಾಗ ಗೊತ್ತಾಗುತ್ತದೆ.

ಸ್ಫೋಟ ವಿಧ್ವಂಸಕ ಕೃತ್ಯವಲ್ಲ, ಲೋಹ ಸವೆದು ಆದ ಅಪಘಾತ ಎಂದು ಕತೆಯ ಅರ್ಧದಲ್ಲೇ ಖಚಿತವಾಗುತ್ತದೆ. ಅಲ್ಲಿಗೆ ವಿಚಾರಣೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಸೈಮನ್ ಟಾರ್ಸಿಸ್ ಎಂಬ ಎಳೆಯ ವೈದ್ಯಕೀಯ ಸಿಬ್ಬಂದಿಯ ಮೇಲೆ ಅಷ್ಟರಲ್ಲಿ ಅನುಮಾನ ಬಿದ್ದಿರುತ್ತದೆ. ಸಾಟಿಯ ಸಹಾಯಕನಿಗೆ ಎದುರಿನವರ ಮನದ ಭಾವ ಗ್ರಹಿಸುವ ಶಕ್ತಿಯಿದೆ. ಈ ಹುಡುಗ ಏನೋ ಬಚ್ಚಿಡುತ್ತಿದ್ದಾನೆ ಎಂದು ಅವನು ಹೇಳುತ್ತಾನೆ. ಹೌದು, ಟಾರ್ಸಿಸ್ ಬಚ್ಚಿಟ್ಟಿದ್ದಾನೆ. ತನ್ನ ಅಜ್ಜ ರೋಮ್ಯುಲನ್, ಅಂದರೆ ಶತ್ರು ಕುಲದವನು ಎನ್ನುವುದನ್ನು ಕೆಲಸದ ಅರ್ಜಿಯಲ್ಲಿ ಮರೆಮಾಚಿದ್ದಾನೆ. ತುಂಬಿದ ಸಭೆಯಲ್ಲಿ ಅದನ್ನೇ ಎತ್ತಿ ಕೇಳಿದಾಗ, ಉತ್ತರಿಸಬೇಡ ಎಂದು ಅವನ ಪರ ನಿಂತ ರೈಕರ್ ಸಲಹೆ ಕೊಡುತ್ತಾನೆ. ಹುಡುಗ ಬಾಯಿ ಮುಚ್ಚುತ್ತಾನೆ. ಆ ಮೌನವನ್ನೇ ಎಲ್ಲರೂ ತಪ್ಪೊಪ್ಪಿಗೆ ಎಂದು ಓದುತ್ತಾರೆ. ಪಿಕಾರ್ಡ್ ಮಾತ್ರ ಅವನನ್ನು ಕರೆದು, ಚಹಾ ಕೊಟ್ಟು, ಊರು ಮನೆಯ ಬಗ್ಗೆ ಕೇಳುತ್ತಾನೆ. ವಿಚಾರಣೆ ಶುರುವಾದಾಗಿನಿಂದ ಆ ಹುಡುಗನನ್ನು ಮನುಷ್ಯನಂತೆ ಮಾತಾಡಿಸಿದ ಮೊದಲ ಗಳಿಗೆ ಅದು.

ಇಂಥದ್ದೇ ಮೇಜಿನ ಮುಂದೆ ನಾನು ಕೂತದ್ದಿದೆ. ಒಂದು ಸಂಸ್ಥೆಯ ಸ್ಟೋರ್ ರೂಮಿನಿಂದ ತಾಮ್ರದ ವೈರಿನ ಸುರುಳಿ ಕಾಣೆಯಾಗಿತ್ತು. ಅಟೆಂಡರ್ ಹುಡುಗನೊಬ್ಬನನ್ನು ಅಮಾನತಿನಲ್ಲಿಟ್ಟು ವಿಚಾರಣೆ ನಡೆಸಿದರು. ಅನುಮತಿ ಪಡೆದು ನಾನು ಅವನ ಪರ ಹೋದೆ. ಸ್ಟಾಕ್ ರಿಜಿಸ್ಟರ್ ತರಿಸಿ ನೋಡಿದರೆ ಆ ಸುರುಳಿ ಇಂಡೆಂಟ್ ಮೇಲೆ ಬೇರೊಂದು ವಿಭಾಗಕ್ಕೆ ಹೋಗಿತ್ತು, ಪಡೆದವರ ಸಹಿಯೂ ಇತ್ತು. ಆದರೆ ಅಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತ್ತು. ಕೆಲಸಕ್ಕೆ ಸೇರುವಾಗ ತುಂಬಿದ ಅರ್ಜಿಯಲ್ಲಿ ಹುಡುಗ ತಂದೆಯ ಉದ್ಯೋಗ ಕೃಷಿ ಎಂದು ಬರೆದಿದ್ದ. ತಂದೆ ಆಗ ಜೈಲಿನಲ್ಲಿದ್ದ. ಅಲ್ಲಿಂದ ಮುಂದೆ ವೈರಿನ ಮಾತು ಯಾರೂ ಎತ್ತಲಿಲ್ಲ. ‘ಇದನ್ನೇ ಮುಚ್ಚಿಟ್ಟವನು ಇನ್ನೇನು ಮುಚ್ಚಿಟ್ಟಿರಲಿಕ್ಕಿಲ್ಲ?’ ಎಂದು ವಿಚಾರಣಾಧಿಕಾರಿ ಕೇಳಿದರು. ಹುಡುಗ ಮೇಜಿನ ಅಂಚು ಹಿಡಿದುಕೊಂಡು, ‘ಮೇಡಂ, ನಮ್ಮ ಅಪ್ಪನ ಹೆಸರು ಬರಕೋಬ್ಯಾಡ್ರಿ’ ಎಂದು ನನ್ನ ಕಡೆ ತಿರುಗಿ ಹೇಳಿದ. ಕಳವಿನ ಆರೋಪ ಬಿದ್ದುಹೋಯಿತು. ಅರ್ಜಿಯಲ್ಲಿ ಸುಳ್ಳು ಮಾಹಿತಿ ಕೊಟ್ಟ ಕಾರಣಕ್ಕೆ ಕೆಲಸ ಹೋಯಿತು. ಟಾರ್ಸಿಸ್‌ನ ಭವಿಷ್ಯವೂ ಮಣ್ಣುಗೂಡಿದ್ದು ಹೀಗೆಯೇ. ಅಜ್ಜನ ರಕ್ತ, ಅಪ್ಪನ ಜೈಲು, ಇವು ಆರೋಪಪಟ್ಟಿಯಲ್ಲಿ ಇರಲೇ ಇಲ್ಲ. ಅವನು ಯಾರ ಪೈಕಿ ಎಂದು ತಿಳಿದದ್ದೇ ಸಾಕಾಯಿತು.

ಮೌನವನ್ನು ಅಪರಾಧವೆಂದು ಓದಬಾರದು ಎಂದು ನಮ್ಮ ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡುವಂತಿಲ್ಲ. ಇದರ ವ್ಯಾಪ್ತಿಯನ್ನು ವಿಸ್ತರಿಸಿದ ದೊಡ್ಡ ತೀರ್ಪಿನಲ್ಲಿ ನಮ್ಮ ರಾಜ್ಯದ ಹೆಸರೇ ಇದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮಿದುಳಿನ ತರಂಗ ಪರೀಕ್ಷೆ, ಇವು ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಮಂಪರು ಪರೀಕ್ಷೆಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ದೇಶಕ್ಕೆಲ್ಲ ಹೆಸರಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು ಟಿ.ವಿ.ಯಲ್ಲಿ ಬಂದಾಗ ಮನೆಮನೆಯಲ್ಲೂ ಜನ ಕೂತು ನೋಡಿದರು. ಮನಸ್ಸಿನೊಳಗೆ ಕೈ ಹಾಕಿ ಸತ್ಯ ಎಳೆದು ತರಬಹುದು ಎಂಬ ಆಸೆಯನ್ನು ಸಾಟಿಯ ಆ ಸಹಾಯಕನ ಪಾತ್ರ 1991ರಲ್ಲೇ ಪರೀಕ್ಷೆಗೆ ಒಡ್ಡಿತ್ತು. ಅವನಿಗೆ ಹುಡುಗನ ಅಂಜಿಕೆ ತಿಳಿಯಿತು, ಅಂಜಿಕೆಯ ಕಾರಣ ತಿಳಿಯಲಿಲ್ಲ. ಯಂತ್ರಕ್ಕೂ ತಿಳಿಯುವುದು ಅಷ್ಟೇ.

ಈ ಕಂತಿನಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಕೊನೆಗೆ ಪಿಕಾರ್ಡ್‌ನನ್ನೇ ಕಟಕಟೆಗೆ ಕರೆದಾಗ, ಅವನು ಸಾಟಿಯ ತಂದೆ ಹೇಳಿದ ಮಾತನ್ನೇ ಆಕೆಗೆ ನೆನಪಿಸುತ್ತಾನೆ. ಆ ತಂದೆ ಹೆಸರಾಂತ ನ್ಯಾಯಾಧೀಶ. ಆಕೆ ಸಹನೆ ಕಳೆದುಕೊಂಡು ಕಿರುಚಾಡುತ್ತಾಳೆ, ಇನ್ನೊಬ್ಬ ಅಡ್ಮಿರಲ್ ಏನೂ ಹೇಳದೆ ಎದ್ದುಹೋಗುತ್ತಾನೆ, ವಿಚಾರಣೆ ಕುಸಿಯುತ್ತದೆ. ನಾಟಕವಾಗಿ ಇದು ಅದ್ಭುತ. ಆದರೆ ನಾನು ಕಂಡ ವಿಚಾರಣೆಗಳಲ್ಲಿ ಯಾರೂ ಕಿರುಚಲಿಲ್ಲ. ಎಲ್ಲರೂ ಶಾಂತವಾಗಿ ಸಹಿ ಮಾಡಿ ಮನೆಗೆ ಹೋದರು. ಪಿಕಾರ್ಡ್‌ನಂಥ ಮಾತುಗಾರ ಇಲ್ಲದ ಟಾರ್ಸಿಸ್‌ಗಳ ಗತಿ ಏನು ಎಂಬ ಪ್ರಶ್ನೆಗೆ ಕಂತು ಉತ್ತರ ಕೊಡುವುದಿಲ್ಲ. ಉತ್ತರ ಕಾನೂನು ನೆರವಿನಲ್ಲಿದೆ, ಯಾರ ಪರವಾದರೂ ನಿಲ್ಲುವ ವಕೀಲರಲ್ಲಿದೆ. ಜನರ ಸಿಟ್ಟಿಗೆ ಗುರಿಯಾದ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದು ಎಂದು ವಕೀಲರ ಸಂಘಗಳೇ ನಿರ್ಣಯ ಮಾಡಿದ್ದನ್ನು ನಮ್ಮ ದೇಶ ನೋಡಿದೆ. ಅಂಥ ನಿರ್ಣಯಗಳು ವೃತ್ತಿಧರ್ಮಕ್ಕೇ ವಿರುದ್ಧ, ಅವಕ್ಕೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮಹಮ್ಮದ್ ರಫಿ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. ರೈಕರ್ ಮತ್ತು ಪಿಕಾರ್ಡ್ ಇಬ್ಬರೂ ಮನಸ್ಸಿಟ್ಟು ವಾದಿಸಿದ್ದರಿಂದಲೇ ಡೇಟಾನ ತೀರ್ಪಿಗೆ ತೂಕ ಬಂತು. ಒಂದು ಕಡೆಯ ಕುರ್ಚಿ ಖಾಲಿ ಇಟ್ಟು ಕೊಟ್ಟ ತೀರ್ಪಿಗೆ ಆ ತೂಕ ಬರುವುದಿಲ್ಲ.

ಮೂರನೆಯದು 1992ರ ಡಿಸೆಂಬರಿನಲ್ಲಿ ಎರಡು ಭಾಗಗಳಲ್ಲಿ ಬಂದ ‘ಚೈನ್ ಆಫ್ ಕಮಾಂಡ್’. ಎರಡನೆಯ ಭಾಗವೇ ನನ್ನ ಮಾತಿನ ವಿಷಯ. ಗುಪ್ತ ಕಾರ್ಯಾಚರಣೆಯಲ್ಲಿ ಸಿಕ್ಕಿಬಿದ್ದ ಪಿಕಾರ್ಡ್ ಕಾರ್ಡೇಸಿಯನ್ನರ ಸೆರೆಯಾಳು. ವಿಚಾರಣಾಧಿಕಾರಿ ಮ್ಯಾಡ್ರೆಡ್. ಡೇವಿಡ್ ವಾರ್ನರ್ ಆ ಪಾತ್ರವನ್ನು ದನಿ ಏರಿಸದೆ ಮಾಡಿದ್ದಾರೆ. ಬಟ್ಟೆ ಬಿಚ್ಚಿಸಿ, ಮುಂಗೈ ಕಟ್ಟಿ ತೂಗುಹಾಕಿ, ಎದೆಯೊಳಗೆ ನೋವಿನ ಸಾಧನ ಇಟ್ಟು, ತನ್ನ ಬೆನ್ನ ಹಿಂದೆ ದೀಪಗಳನ್ನು ಹೊತ್ತಿಸಿ, ಎಷ್ಟು ದೀಪ ಕಾಣುತ್ತವೆ ಎಂದು ಮ್ಯಾಡ್ರೆಡ್ ಕೇಳುತ್ತಾನೆ. ಇರುವುದು ನಾಲ್ಕು. ಐದು ಎಂದು ಹೇಳಬೇಕು. ಇದಕ್ಕೆ ತಯಾರಾಗಲು ಪಿಕಾರ್ಡ್ ಪಾತ್ರಧಾರಿ ಪ್ಯಾಟ್ರಿಕ್ ಸ್ಟೂವರ್ಟ್ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಒದಗಿಸಿದ ಚಿತ್ರಹಿಂಸೆಯ ದಾಖಲೆಗಳನ್ನು ನೋಡಿದ್ದರು. ಆ ಶ್ರದ್ಧೆ ಪ್ರತಿ ಫ್ರೇಮಿನಲ್ಲೂ ಕಾಣುತ್ತದೆ.

ಮ್ಯಾಡ್ರೆಡ್ ತನ್ನ ಪುಟ್ಟ ಮಗಳನ್ನು ಆ ಕೋಣೆಗೇ ಕರೆದು ಮುದ್ದಾಡುವ ದೃಶ್ಯ ನನ್ನನ್ನು ಬಹಳ ಕಾಡಿದೆ. ಮೂಲೆಯಲ್ಲಿ ಮನುಷ್ಯನೊಬ್ಬ ನರಳುತ್ತ ಬಿದ್ದಿದ್ದಾನೆ. ಮಗು ಅವನನ್ನು ನೋಡಿ, ಮನುಷ್ಯರಿಗೂ ಅಪ್ಪ ಅಮ್ಮ ಇರುತ್ತಾರೆಯೇ ಎಂಬಂಥ ಪ್ರಶ್ನೆ ಕೇಳುತ್ತದೆ. ಒಬ್ಬರನ್ನು ಕೀಳಾಗಿ ಕಾಣಲು ಕಲಿತ ಮಗು ಮುಂದೆ ಯಾರನ್ನಾದರೂ ಹಾಗೆ ಕಾಣಬಲ್ಲದು, ಹೆತ್ತವರನ್ನೂ, ಎಂದು ಪಿಕಾರ್ಡ್ ಎಚ್ಚರಿಸುತ್ತಾನೆ.

ಕೊನೆಯಲ್ಲಿ ಬಿಡುಗಡೆಯಾಗಿ ಹೊರಡುವಾಗ ಪಿಕಾರ್ಡ್ ತಿರುಗಿ ನಿಂತು ದೀಪ ನಾಲ್ಕೇ ಎಂದು ಕೂಗುತ್ತಾನೆ. ಕತೆ ಅಲ್ಲಿಗೇ ನಿಂತಿದ್ದರೆ ಅದು ಧೀರನ ಕತೆಯಷ್ಟೇ ಆಗುತ್ತಿತ್ತು. ನೌಕೆಗೆ ಮರಳಿದ ಮೇಲೆ ಅವನು ಆಪ್ತ ಸಲಹೆಗಾರ್ತಿ ಟ್ರಾಯ್ ಮುಂದೆ ಬಾಯಿ ಬಿಡುತ್ತಾನೆ. ಆ ಕೊನೆಯ ಗಳಿಗೆಯಲ್ಲಿ ತಾನು ಏನನ್ನಾದರೂ ಹೇಳಲು ತಯಾರಿದ್ದೆ, ಅದಕ್ಕಿಂತ ಹೆಚ್ಚಾಗಿ, ತನಗೆ ನಿಜವಾಗಿಯೂ ಐದು ದೀಪ ಕಾಣುತ್ತಿವೆ ಎಂದೇ ಅನಿಸಿತ್ತು ಎನ್ನುತ್ತಾನೆ. ಸಾಕ್ಷ್ಯ ಕಾನೂನಿನ ಬಹು ಮುಖ್ಯವಾದ ಪಾಠ ಇಲ್ಲಿದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳುತ್ತಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ 23ನೇ ಕಲಮಿನಲ್ಲಿ ಅದನ್ನು ಉಳಿಸಿಕೊಂಡಿದೆ. ‘ಕಳ್ಳ ತಾನೇ ಒಪ್ಪಿಕೊಂಡ ಮೇಲೆ ಇನ್ನೇನು ವಿಚಾರಣೆ?’ ಎಂದು ಜನ ನನ್ನನ್ನು ಕೇಳುತ್ತಾರೆ. ಹಿಂಸೆ ಸುಳ್ಳನ್ನು ಹೇಳಿಸುತ್ತದೆ ಎನ್ನುವುದು ಅವರಿಗೆ ಗೊತ್ತು. ಹಿಂಸೆಗೆ ಸಿಕ್ಕವನು ಆ ಸುಳ್ಳನ್ನು ನಂಬಲೂ ಶುರುಮಾಡುತ್ತಾನೆ ಎನ್ನುವುದು ಗೊತ್ತಿಲ್ಲ. ಅದನ್ನು ನಾನು ಎಷ್ಟು ವಿವರಿಸಿದರೂ ಆ ಎರಡು ನಿಮಿಷದ ದೃಶ್ಯದಷ್ಟು ನಾಟುವುದಿಲ್ಲ.

ಬಂಧನದ ಕಾಲದಲ್ಲಿ ಪಾಲಿಸಬೇಕಾದ ನಿಯಮಗಳನ್ನು 1996ರ ಡಿ.ಕೆ. ಬಸು ತೀರ್ಪು ಒಂದೊಂದಾಗಿ ಹೇಳಿದೆ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ. ಆದರೆ ಅದನ್ನು ಸ್ಥಿರೀಕರಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ಕಾನೂನಾಗಲೇ ಇಲ್ಲ. 2017ರಲ್ಲಿ ಕಾನೂನು ಆಯೋಗ ಮತ್ತೆ ಶಿಫಾರಸು ಮಾಡಿದ್ದೂ ಕಡತದಲ್ಲೇ ಉಳಿದಿದೆ. ಸಾರ್ವಜನಿಕರ ಒತ್ತಡ ಇಲ್ಲದ್ದರಿಂದ ಹೀಗಾಗಿದೆ. ಒತ್ತಡ ಇಲ್ಲದಿರುವುದಕ್ಕೆ ಕಾರಣ, ಲಾಕಪ್ಪಿನಲ್ಲಿ ಕೂತವನು ನಮ್ಮ ಪೈಕಿಯವನಲ್ಲ ಎಂಬ ನಮ್ಮ ನಂಬಿಕೆ.

ಇದನ್ನೆಲ್ಲ ಹೇಳಲು ಅನ್ಯಗ್ರಹದ ಕತೆಯೇ ಏಕೆ, ನಮ್ಮ ನೆಲದ ಸಿನಿಮಾಗಳಿಲ್ಲವೇ ಎಂದು ಕೇಳಬಹುದು. ಇವೆ. ವೆಟ್ರಿಮಾರನ್ ಅವರ ‘ವಿಸಾರಣೈ’, ಚೈತನ್ಯ ತಮ್ಹಾಣೆ ಅವರ ‘ಕೋರ್ಟ್’, ‘ಜೈ ಭೀಮ್’, ಇವು ಪೆಟ್ಟು ಕೊಡುವ ಬಗೆಯೇ ಬೇರೆ, ಅವು ಇನ್ನೂ ಹತ್ತು ಬರಲಿ. ಆದರೆ ಅವನ್ನು ನೋಡಲು ಕೂತವರು ತಮ್ಮ ಪಕ್ಷವನ್ನು ಮನೆಯಿಂದಲೇ ತಂದಿರುತ್ತಾರೆ. ಒಪ್ಪುವವರು ಒಪ್ಪುತ್ತಾರೆ, ಒಪ್ಪದವರು ಇದು ಯಾರೋ ಮಾಡಿಸಿದ ಪ್ರಚಾರ ಎಂದು ಎದ್ದುಹೋಗುತ್ತಾರೆ. ಎದ್ದುಹೋಗುವ ಆ ಮನುಷ್ಯನನ್ನು ಮುಟ್ಟುವ ದಾರಿ ಬೇಕು. ಟಾರ್ಸಿಸ್‌ನಿಗಾಗಿ ಮರುಗಿದವನಿಗೆ, ನಿಮ್ಮ ಕಚೇರಿಯ ಟಾರ್ಸಿಸ್ ಯಾರು ಎಂದು ಕೇಳಬಹುದು. ಆ ಪ್ರಶ್ನೆಗೆ ಅವನು ಅಷ್ಟು ಸುಲಭವಾಗಿ ಬೆನ್ನು ತಿರುಗಿಸಲಾರ.

ಕನ್ನಡದ ಟಿ.ವಿ. ಮತ್ತು ಓಟಿಟಿ ನಿರ್ಮಾಪಕರಿಗೂ ಒಂದು ಮಾತು. ವೈಜ್ಞಾನಿಕ ಕತೆ ಎಂದ ಕೂಡಲೇ ಗ್ರಾಫಿಕ್ಸ್‌ಗೆ ದುಡ್ಡೆಲ್ಲಿದೆ ಎನ್ನುತ್ತಾರೆ. ‘ದ ಡ್ರಮ್‌ಹೆಡ್’ ತಯಾರಾದದ್ದೇ ದುಡ್ಡು ಉಳಿಸಲು. ಹಳೆಯ ಕಂತುಗಳ ತುಣುಕು ಜೋಡಿಸಿ ಒಂದು ಅಗ್ಗದ ಕಂತು ಮಾಡಿ ಎಂಬ ಸೂಚನೆ ಬಂದಾಗ, ಅದರ ಬದಲು ಇರುವ ಸೆಟ್ಟುಗಳಲ್ಲೇ ಹೊಸ ಕತೆ ಹೇಳುತ್ತೇವೆ ಎಂದು ಬರಹಗಾರರು ಮುಂದೆ ಬಂದರು. ಮೂವತ್ತು ವರ್ಷ ಕಳೆದರೂ ಅದನ್ನು ಜನ ನೋಡುತ್ತಿದ್ದಾರೆ. ಕೋಣೆಯೊಂದರಲ್ಲಿ ಮಾತಿನ ಬಲದ ಮೇಲೆ ನಾಟಕ ಕಟ್ಟುವುದು ಕನ್ನಡ ರಂಗಭೂಮಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಆ ಬರಹಗಾರರಿಗೆ ಒಂದು ಅವಕಾಶ ಕೊಡಿ.

ಕಾನೂನು ಕಾಲೇಜುಗಳಿಗೆ ಮತ್ತು ಪೊಲೀಸ್ ತರಬೇತಿ ಶಾಲೆಗಳಿಗೆ ನನ್ನ ಸಲಹೆ ಇನ್ನೂ ಸರಳ. ಪ್ರತಿ ಕಂತು ಸುಮಾರು 45 ನಿಮಿಷದ್ದು, ಒಂದು ತರಗತಿಯ ಅವಧಿ. ತೀರ್ಪು ಬರುವ ಮುಂಚೆಯೇ ವಿಡಿಯೊ ನಿಲ್ಲಿಸಿ, ವಿದ್ಯಾರ್ಥಿಗಳಿಂದ ತೀರ್ಪು ಬರೆಸಿ, ಹಾಳೆಗಳನ್ನು ತೆಗೆದಿರಿಸಿ. ಮರುವಾರ ಅದೇ ಪ್ರಕರಣವನ್ನು ನಮ್ಮ ಹೆಸರುಗಳು, ನಮ್ಮ ಊರುಗಳು, ನಮ್ಮ ಜಾತಿ ಧರ್ಮಗಳನ್ನು ಹಾಕಿ ಕೊಟ್ಟು ಇನ್ನೊಮ್ಮೆ ಬರೆಸಿ. ಎರಡನ್ನೂ ಅಕ್ಕಪಕ್ಕ ಇಟ್ಟು ಅವರೇ ಓದಿಕೊಳ್ಳಲಿ. ಹೆಸರು ಬದಲಾದಾಗ ತೀರ್ಪೂ ಬದಲಾಗಿದ್ದರೆ, ತಮ್ಮೊಳಗೆ ಎಲ್ಲಿ ತಪ್ಪುತ್ತಿದೆ ಎಂದು ಅವರಿಗೆ ಯಾರೂ ಬೋಧಿಸಬೇಕಿಲ್ಲ. ಕಲಿಯುವ ವಯಸ್ಸಿನಲ್ಲಿ ಅದನ್ನು ಕಂಡುಕೊಂಡರೆ ಹೋಗುವುದು ಒಂದೆರಡು ಅಂಕ. ಕರಿ ಕೋಟೋ ಖಾಕಿಯೋ ತೊಟ್ಟ ಮೇಲೂ ಕಾಣದೆ ಹೋದರೆ, ಅದರ ಬೆಲೆ ತೆರುವವನು ಮೇಜಿನ ಈಚೆ ಕೂತವನು.